ಸುತ್ತುಪಟ್ಟಿ ಬಿಚ್ಚಿ ಹೊಟ್ಟೆ ನೋಡಿ

ಬೆಟ್ಟದ ಮೇಲಿನ ನಮ್ಮ ಚಳಿಯೂರು ಎಲ್ ಆಲ್ಟೊದಲ್ಲಿ ಕೂಸು ಹುಟ್ಟಿದರೆ ಮೊದಲು ಹುಡುಕುವುದು ಸುತ್ತುಪಟ್ಟಿಯನ್ನು. ಭುಜದಿಂದ ಪಾದದವರೆಗೆ ಬಿಗಿದು ಸುತ್ತಿದರೆ ಕೈಕಾಲು ನೆಟ್ಟಗಾಗುತ್ತವೆ, ಚಳಿ ಹೊಗುವುದಿಲ್ಲ ಎಂದು ನಂಬಿಕೆ. ನನ್ನ ನಾಲ್ಕು ಮಕ್ಕಳನ್ನೂ ಹಾಗೇ ಸುತ್ತಿದ್ದೆ. ಆದ್ದರಿಂದ ಬಾಣಂತಿ ರುಫಿನಾಳ ಮನೆಯವರನ್ನು ಬಯ್ಯುವ ಹಕ್ಕು ನನಗೆ ಪೂರ್ತಿ ಇಲ್ಲ. ಆದರೂ ಬಯ್ದೆ.

ರುಫಿನಾಳ ಮಗ ಎಲ್ವಿಯೊ ಹೃದಯದ ದೋಷದೊಂದಿಗೇ ಹುಟ್ಟಿದ. ಮೂರು ವಾರ ಆಸ್ಪತ್ರೆಯಲ್ಲಿದ್ದು, ಆಪರೇಷನ್‌ಗೆ ದಿನ ಗೊತ್ತಾಗಿ, ಮನೆಗೆ ಬಂದಿದ್ದ. ಎದೆ ಚೀಪಿದರೆ ಬೆವತು ಸುಸ್ತಾಗುತ್ತಿದ್ದ. ಹಾಗಾಗಿ ತಾಯಿಯ ಹಾಲು ಹಿಂಡಿ, ಡಾಕ್ಟರು ಹೇಳಿದ ಅಳತೆಯಷ್ಟನ್ನೇ ಮೂರು ಗಂಟೆಗೊಮ್ಮೆ ಕುಡಿಸಬೇಕಿತ್ತು. ಹಿಂಡುವುದು, ಕುಡಿಸುವುದು, ಬಟ್ಟಲು ಕುದಿಸುವುದು, ಮತ್ತೆ ಹಿಂಡುವುದು. ರುಫಿನಾ ಕೂತಲ್ಲೇ ತೂಕಡಿಸುತ್ತಿದ್ದಳು.

ಆರೋಗ್ಯ ಕೇಂದ್ರದ ಪರವಾಗಿ ಮನೆಮನೆ ಸುತ್ತುವವಳು ನಾನು, ಬಸೀಲಿಯಾ. ಸೋಮವಾರ ಅವರ ಮನೆಗೆ ಹೋಗಬೇಕಿತ್ತು. ಕಾಲು ಸೋತು, ನಾಳೆ ಹೋದರಾಯಿತು ಎಂದು ಬಿಟ್ಟೆ. ಮಂಗಳವಾರ ಬೆಳಿಗ್ಗೆ ಹೋದಾಗ ಅವಳ ಅತ್ತೆ ಸತುರ್ನಿನಾ ಸೋಂಪಿನ ಕಷಾಯ ಕಾಯಿಸುತ್ತಿದ್ದರು.

"ಯಾರಿಗಮ್ಮಾ ಇದು?"

"ಮಗೂಗೆ. ನಿನ್ನೆಯಿಂದ ಹಾಲು ಬೇಡ ಅಂತಾನೆ. ಒಂದ್ಸಲ ಹಸಿರಾಗಿ ಕಕ್ಕಿದ. ಹೊಟ್ಟೇಲಿ ಗಾಳಿ, ಅಷ್ಟೇ. ನಿನ್ನೇನೂ ಎರಡು ಚಮಚ ಹಾಕಿದ್ದೆ."

"ತಾಯಿ ಹಾಲು ಬಿಟ್ಟು ಬೇರೇನೂ ಬೇಡ ಅಂತ ಡಾಕ್ಟ್ರು ಹೇಳಿರಲಿಲ್ವಾ?"

"ಅವರ ಅಳತೇಲಿ ಗುಬ್ಬಿ ಮರೀನೂ ಬದುಕಲ್ಲ. ಏಳು ಮಕ್ಕಳನ್ನ ಸಾಕಿದೀನಿ ಕಣೇ. ನನಗೆ ಹೇಳಿಕೊಡೋಕೆ ಬಂದ್ಯಾ?"

"ಆ ಏಳು ಜನರ ಹೃದಯ ಸರಿಯಿತ್ತು. ಇವನದು ಸರಿಯಿಲ್ಲ. ಪಟ್ಟಿ ಬಿಚ್ಚಿ, ಹೊಟ್ಟೆ ನೋಡ್ಬೇಕು."

"ನಿನ್ನೆ ಸಂಜೆ ಕಟ್ಟಿದ್ದು. ಕುಡಿದಿದ್ರಲ್ವಾ ಒದ್ದೆ ಆಗೋದು? ಸುಮ್ನೆ ಬಿಚ್ಚಿದ್ರೆ ಬೆಚ್ಚಿಬೀಳ್ತಾನೆ. ಸಂಜೆ ಬಿಚ್ತೀನಿ, ಆಗ ಬಾ."

"ಸಂಜೆ ತನಕ ಇವನಿರಬೇಕಲ್ಲ," ಎಂದೆ. ಹಾಗೆ ಹೇಳಬಾರದಿತ್ತು. ಆದರೆ ಅದನ್ನು ಕೇಳಿ ರುಫಿನಾ ಎದ್ದು ಬಂದಳು. ಒಂದೊಂದೇ ಸುತ್ತು ಬಿಚ್ಚಿದಳು.

ಹೊಟ್ಟೆ ಉಬ್ಬಿ, ಬಿಗಿದು, ಮಿರಿಮಿರಿ ಮಿನುಗುತ್ತಿತ್ತು. ಅಡಿಬಟ್ಟೆಯಲ್ಲಿ ತುಸು ಮಲ, ಅದರಲ್ಲಿ ರಕ್ತದ ಗೆರೆ. ಇಷ್ಟೂ ಹೊತ್ತು ಪಟ್ಟಿ ಅದನ್ನು ಮುಚ್ಚಿಟ್ಟಿತ್ತು.

ರುಫಿನಾ ಅಳಲಿಲ್ಲ. ಅಳುವ ತ್ರಾಣವೂ ಉಳಿದಿರಲಿಲ್ಲ. "ಕಂಬಳಿ ಕೊಡಿ ಅತ್ತೆ," ಅಂದಳು.

ಆಸ್ಪತ್ರೆಗೆ ಹೊರಟ ಮಿನಿಬಸ್ಸಿನಲ್ಲಿ ಸತುರ್ನಿನಾ ಮೆಲ್ಲಗೆ ಕೇಳಿದರು, "ದಾರೀಲಿ ಎರಡು ಹನಿ ಕಷಾಯ ಕೊಡ್ಲಾ?"

"ಒಂದು ಹನೀನೂ ಬೇಡ. ಸುಮ್ನೆ ಕೂತ್ಕೊಳ್ಳಿ," ಎಂದೆ.

ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಹೃದಯ ಸೋತ್ರೆ ಕರುಳಿಗೆ ರಕ್ತ ಸಾಲಲ್ಲ ಅಜ್ಜಿ. ಕರುಳು ಊದಿಕೊಳ್ಳುತ್ತೆ, ಕೊಳೆತು ತೂತಾಗಲೂಬಹುದು."

"ನನ್ನ ಕಷಾಯದಿಂದಾನಾ?"

"ಅದರಿಂದ್ಲೇ ಅಂತ ಹೇಳೋಕಾಗಲ್ಲ. ಎಲ್ಲಾ ಸರಿಯಾಗಿ ನೋಡ್ಕೊಂಡ್ರೂ ಬರಬಹುದು. ಆದ್ರೆ ಸೋತ ಕರುಳಿಗೆ ಅದು ಇನ್ನೊಂದು ಹೊರೆ. ಜೊತೆಗೆ ಒಂದು ದಿನ ಹೋಯ್ತಲ್ಲ, ಅದು ದೊಡ್ಡದು."

ಆ ಒಂದು ದಿನದಲ್ಲಿ ನನ್ನ ಸೋಮವಾರವೂ ಇತ್ತು. ನಾನು ತಲೆ ತಗ್ಗಿಸಿದೆ.

ಹತ್ತು ದಿನ ಬಾಯಿಗೆ ಏನನ್ನೂ ಕೊಡದೆ, ರಕ್ತನಾಳದ ಮೂಲಕವೇ ಔಷಧಿ, ಆಹಾರ ಕೊಟ್ಟರು. ಕರುಳು ಉಳಿಯಿತು. ಆಮೇಲೆ ಮತ್ತೆ ತಾಯಿಯ ಹಾಲು, ಹನಿ ಹನಿಯಾಗಿ.

"ಇವತ್ತೆಷ್ಟು?" ಎಂದು ಸತುರ್ನಿನಾ ದಿನಾ ನರ್ಸನ್ನು ಕೇಳುತ್ತಿದ್ದರು.

"ಅರ್ಧ ಚಮಚ."

"ಕೇಳಿದ್ಯೇನೇ ರುಫಿನಾ? ಅರ್ಧ ಅಂದ್ರೆ ಅರ್ಧಾನೇ," ಎಂದು ಸೊಸೆಯನ್ನೇ ಗದರುತ್ತಿದ್ದರು.

ಹೋದ ತಿಂಗಳು ಎಲ್ವಿಯೊನ ಹೃದಯದ ಆಪರೇಷನ್ ಆಯಿತು. ಈಗ ಎದೆಹಾಲು ಕುಡಿಯುತ್ತಾನೆ. ಅಜ್ಜಿ ಸಡಿಲವಾಗಿ ಹೊದಿಸುತ್ತಾರೆ, ಪ್ರತಿ ಸಲ ಹಾಲಿಗೆ ಮೊದಲು ಹೊಟ್ಟೆ ಮುಟ್ಟಿ ನೋಡುತ್ತಾರೆ.

ಇದನ್ನು ಓದುತ್ತಿರುವ ತಾಯಂದಿರೇ, ಅತ್ತೆಯರೇ, ಕೇಳಿ. ಹೃದಯದ ದೋಷವಿರುವ ಕೂಸಿಗೆ ಡಾಕ್ಟರು ಹೇಳಿದ ಹಾಲು, ಹೇಳಿದ ಅಳತೆ. ಕಷಾಯ, ಸಕ್ಕರೆ ನೀರು, ಜೇನು ಯಾವುದೂ ಬೇಡ. ಬಿಗಿಯಾಗಿ ಸುತ್ತಬೇಡಿ. ಹೊಟ್ಟೆ ಉಬ್ಬಿದರೆ, ಹಸಿರಾಗಿ ಕಕ್ಕಿದರೆ, ಮಲದಲ್ಲಿ ರಕ್ತ ಕಂಡರೆ, ಹಾಲು ಬೇಡವೆಂದು ಮಂಕಾದರೆ, ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ನೀವು ದಣಿದಿದ್ದೀರಿ, ನನಗೆ ಗೊತ್ತು. ಆ ದಣಿವಿನಲ್ಲೇ ಹೊರಡಿ.