ಸುಣ್ಣ ಮೆತ್ತಿದ ಕೈ

"ಕೈ ತೋರ್ಸಡಾ, ನಾಯಿಗೆ ಹುಟ್ಟಿದೋನೆ! ಅಂಗೈ, ಅಂಗೈ!"

ಬೊಮ್ಮಯ್ಯ ಗೌಡರು ಜಗಲಿಯ ಮೇಲಿಂದ ಕೂಗಿದರು. ಅಂಗಳದಾಚೆ ನಿಂತಿದ್ದ ನನ್ನ ಗಂಡ ಮಾಯಾಂಡಿ ಎರಡೂ ಕೈ ಚಾಚಿದ. ಸುಣ್ಣದ ನೀರಲ್ಲಿ ತೊಗಲು ನೆನೆಹಾಕಿ ಕೂದಲು ಬಿಡಿಸುವುದು ನಮ್ಮ ಕಸುಬು. ಉಗುರ ಸಂದಿಯ ಬಿಳುಪು ಎಷ್ಟು ತೊಳೆದರೂ ಹೋಗುವುದಿಲ್ಲ.

ಜಗಲಿ ಶಾಲೆಯ ಮೇಷ್ಟ್ರು ಮಡಿಲಲ್ಲಿದ್ದ ಪತ್ರಿಕೆಯ ಮೇಲೆ ಬೆರಳಿಟ್ಟರು. "ಬಿಳೀ ಪುಡಿ ಅಂತ್ಲೇ ಅಚ್ಚಾಗಿದೆ ಗವುಡ್ರೆ. ಬಡಗ ಸೀಮೇಲಿ ತೊಗಲಿನೋರು ಮೇವಿಗೆ ವಿಸ ಹಾಕಿ ದನ ಕೊಲ್ತಾರಂತೆ. ತೊಗಲು ಮಾರ್ಕಳಕ್ಕೆ."

"ಅದು ಸುಣ್ಣ, ಸಾಮಿ," ಅಂದೆ ನಾನು. "ನಿಮ್ಮ ಎಲೆಗೆ ಹಚ್ಚೋದೂ ಅದೇಯ."

ಗೌಡರ ಕೆರ ಹಾರಿಬಂದು ನನ್ನ ದವಡೆಗೆ ಬಿತ್ತು. ಆ ಕೆರ ಹೊಲಿದವನು ಮಾಯಾಂಡಿಯೇ. ಗಟ್ಟಿಯಾಗಿಯೇ ಹೊಲಿದಿದ್ದ, ನೋವು ಬಹಳ ದಿನ ಇತ್ತು.

ಮಲೆಯ ಮೇಲೆ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಅದಕ್ಕೆ ಸಾಮಾನು ಎಳೆದು ತಂದ ಹೊರಗಿನ ಬಂಡಿಯೆತ್ತುಗಳ ಹಿಂದೆಯೇ ರೋಗವೂ ಕಂಬಂ ಕಣಿವೆಗೆ ಬಂತು. ದನಗಳಿಗೆ ಬಾಯಲ್ಲಿ ಹುಣ್ಣು, ರಕ್ತದ ಭೇದಿ. ಹಿಂದೆಲ್ಲ ಹೀಗಾದರೆ ಮಾರಿಯಮ್ಮನ ಮುನಿಸು ಎಂದು ಮಾಯಾಂಡಿಯನ್ನೇ ಕರೆದು ತಮಟೆ ಬಡಿಸುತ್ತಿದ್ದರು. ಸತ್ತ ದನವನ್ನು ನಾವು ಹೊತ್ತೊಯ್ಯಬೇಕು, ತೊಗಲು ನಮಗೆ. ಅದರಲ್ಲಿ ಗೌಡರ ಬಾವಿಗೆ ನೀರೆತ್ತುವ ಕಪಿಲೆಯ ಚೀಲ ಹೊಲಿದುಕೊಟ್ಟು, ಮಿಕ್ಕದ್ದನ್ನು ದಿಂಡುಗಲ್ಲಿನ ವ್ಯಾಪಾರಿಗೆ ಹಾಕುತ್ತಿದ್ದೆವು. ಹುಟ್ಟಿದಂದಿನಿಂದ ಇದನ್ನು ಕಂಡವರಿಗೆ, ಪೆರಿಯಕುಳಂನಿಂದ ಬಂಡಿಯಲ್ಲಿ ಬಂದ ಒಂದು ಹಾಳೆ ನಮ್ಮನ್ನು ಕೊಲೆಗಡುಕರನ್ನಾಗಿ ತೋರಿಸಿತು. ನನಗೆ ಸಿಟ್ಟಿಗಿಂತ ಹೇಸಿಗೆಯಾಯಿತು.

ಅಂದಿನಿಂದ ಬೆಳಗಾದರೆ ಕೇರಿಯ ಗಂಡಸರೆಲ್ಲ ಗೌಡರ ಮನೆ ಮುಂದೆ ಕೈ ಚಾಚಿ ನಿಲ್ಲಬೇಕು.

ಮೇಷ್ಟ್ರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ನಮ್ಮೂರ ಸಂಗತಿಯನ್ನೂ ಪತ್ರಿಕೆಗೆ ಬರೆದು ಕಳಿಸಿದರು. ಅದೂ ಅಚ್ಚಾಗಿ ಬಂತು. ಅವತ್ತು ಊರಿನ ಸಂಭ್ರಮ ನೋಡಬೇಕಿತ್ತು! ಹಿಂದಿನ ದಿನ ಹಸು ಸತ್ತ ಮನೆಯವರೂ ಓಡೋಡಿ ಬಂದರು. ಅಕ್ಷರ ಬಾರದವರೆಲ್ಲ ಊರಿನ ಹೆಸರಿದ್ದ ಜಾಗ ಮುಟ್ಟಿ ಕಣ್ಣಿಗೊತ್ತಿಕೊಂಡರು. ವಿಷ ಹಾಕಿದವನೆಂದು ಮಾಯಾಂಡಿಯ ಹೆಸರೂ ಅಲ್ಲೇ ಕೆಳಗಿತ್ತಂತೆ.

"ನಮ್ಮೂರು ಮದರಾಸಿನ ಗಂಟ ಹೋಯ್ತು ಕಣ್ರಡಾ!" ಎಂದರು ಗೌಡರು. "ಅಚ್ಚಾದ ಮ್ಯಾಲೆ ಸುಳ್ಳಾಗ್ತದಾ? ಕಟ್ರಿ ಅವನ್ನ!"

ಮಾಯಾಂಡಿಯನ್ನು ಬಂಡಿಗಾಲಿಗೆ ಬಿಗಿದರು. ಪೊಲೀಸರು ಬರುವ ತನಕ ನೀರೂ ಕೊಡಕೂಡದು ಅಂದರು.

ಸಂಜೆ ಪಕ್ಕದೂರಿನ ಕಡೆ ಹೊಗೆ ಎದ್ದಿತು. ಅಲ್ಲಿಯೂ ಯಾರೋ ಪತ್ರಿಕೆ ಓದಿದ್ದರು. ಆ ಊರಿಗೆ ಕೊಟ್ಟಿದ್ದ ನನ್ನ ಅಕ್ಕ ಪೇಚ್ಚಿಯಮ್ಮಾಳ್ ಸುಟ್ಟ ಸೆರಗಿನಲ್ಲೇ ಓಡಿಬಂದು ನಮ್ಮ ಗುಡಿಸಲ ಮುಂದೆ ಕುಸಿದಳು.

"ಕೇರಿಗೇ ಬೆಂಕಿ ಇಟ್ರು ತಂಗಚ್ಚಿ. ನಿನ್ ಗಂಡನ್ ಹೆಸ್ರು ಕೂಗ್ಕಂತಾನೇ ಇಟ್ರು."

ಬೆಳಗಾಗುವಷ್ಟರಲ್ಲಿ ಗೌಡರ ಉಳುವ ಎತ್ತು ಸತ್ತಿತ್ತು. ನಾವು ವಿಷ ಹಾಕಿಬಿಡುತ್ತೇವೆಂದು ಅದನ್ನು ತಲೆಬಾಗಿಲಲ್ಲೇ ಕಟ್ಟಿ ಕಾವಲು ಕೂತಿದ್ದರು. ಅಲ್ಲೇ, ಹೊಸಲಿಗೆ ಅಡ್ಡಲಾಗಿ ಬಿದ್ದಿತ್ತು. ಹೆಣ ಮುಟ್ಟಿದರೆ ಅವರ ಜಾತಿ ಕೆಡುತ್ತದೆ. ಗೌಡರು ಒಳಗಿನಿಂದಲೇ ಅರಚಿದರು.

"ಬಿಚ್ಚಿ ಅವನ್ನ! ಇದ ಎತ್ತಿಸಿ, ಆಮ್ಯಾಲೆ ಕಟ್ರಿ."

ಕೇರಿಯವರನ್ನೆಲ್ಲ ಕರೆಸಿದರು. ಹಗ್ಗ ಬಿಚ್ಚಿದ ಕೂಡಲೇ ಮಾಯಾಂಡಿ, ತುಟಿ ಒಣಗಿ ಸಿಪ್ಪೆ ಎದ್ದಿದ್ದರೂ, ರೂಢಿಯಂತೆ ಬಗ್ಗಿ ಎತ್ತಿನ ಕಾಲಿಗೆ ಕೈ ಹಾಕಿದ. ನಾವು ಎಂದೂ ಕಾಲಿಡದ ಅಂಗಳ ದಾಟಿ ಹೋಗಿ ಅವನ ರಟ್ಟೆ ಹಿಡಿದೆ.

"ಎತ್ತಬ್ಯಾಡಯ್ಯಾ. ಏಳು."

"ಏಯ್ ಮುಂಡೆ! ಬಾಗ್ಲಾಗೆ ಕೊಳಿತದೆ, ಇನ್ಯಾರೇ ಎತ್ತೋದು?"

"ಪತ್ತಿರಿಕೆ ಬಂದು ಎತ್ತಲಿ, ಸಾಮಿ."

ಮಾಯಾಂಡಿ ನೆಟ್ಟಗೆ ನಿಂತು ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅವನನ್ನು ನೋಡಿ ಕೇರಿಯ ಗಂಡಸರೆಲ್ಲ ಒಬ್ಬೊಬ್ಬರಾಗಿ ಕೈ ಹಿಂದಕ್ಕೆ ಕಟ್ಟಿದರು. ಅಂದು ಯಾರೂ ಅಂಗೈ ತೋರಿಸಲಿಲ್ಲ.

ಬಿಸಿಲೇರಿತು. ಎತ್ತಿನ ಹೊಟ್ಟೆ ಊದತೊಡಗಿತು. ಗೌಡರ ಹೆಂಚಿನ ಮೇಲೆ ಹದ್ದುಗಳು ಇಳಿದವು. ಊರಿನವರು ದೊಣ್ಣೆ ಹಿಡಿದು ಬೀದಿಯ ಎರಡೂ ಕಡೆಯಿಂದ ಬಂದು ಕೂಡಿದರು, ಕೆಲವರ ಕೈಯಲ್ಲಿ ಬೆಂಕಿಗೆಂದು ತಂದ ಒಣಹುಲ್ಲಿನ ಕಟ್ಟಿತ್ತು. ಮೇಷ್ಟ್ರು ಮಾತ್ರ ಜಗಲಿಯ ತುದಿಗೆ ಸರಿದು, ಮೂಗಿಗೆ ಬಟ್ಟೆ ಒತ್ತಿಕೊಂಡು, ಮೊಣಕಾಲ ಮೇಲೆ ಕಾಗದ ಹರಡಿ, ಬರೆಯುತ್ತಿದ್ದರು.