ಹಾರು, ಅಲ್ಲೇ ನಿಲ್ಲು

“ಹಾರು... ಹಾರು... ಅಲ್ಲೇ ನಿಲ್ಲು” ಎಂದು ಭೈರೇಶ್ ಮೈಕಿನೆದುರು ಗಂಟಲು ಹರಿಯುವಂತೆ ಕೂಗಿದ. ಪರದೆಯ ಮೇಲೆ ಬೆಳ್ಳಿ ಕವಚದ ಜಪಾನಿ ವೀರ ಮುಖವಾಡ ಕಳಚಿ, ಎರಡೂ ಕೈ ಮೇಲೆತ್ತಿ ನಿಂತಿದ್ದ. ಬಿರುಕು ಬಿಟ್ಟ ಕಟ್ಟಡದ ತುದಿಯಲ್ಲಿ ಏಳು ವರ್ಷದ ಹುಡುಗನೊಬ್ಬ ನಡುಗುತ್ತಿದ್ದ. ಹುಡುಗನ ಹೆಸರೇ ಹಾರು. ಅವನಿಗೆ ಕನ್ನಡದ ದನಿ ಕೊಡಬೇಕಾಗಿದ್ದ ನಲವತ್ತಾರರ ಮಾಲಾ, ಅಳಬೇಕಾದ ಕಡೆ ಕಿಸಕ್ಕನೆ ನಕ್ಕುಬಿಟ್ಟಳು.

ಡಬ್ಬಿಂಗ್ ಮಾಡಿಸುತ್ತಿದ್ದ ಸಂಪತ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

“ಏನಾಯ್ತು ಮಾಲಾ ಅವ್ರೇ?”

ಗೋವಿಂದರಾಜನಗರದ ಆ ಸ್ಟುಡಿಯೋದಲ್ಲಿ ಎಲ್ಲರಿಗೂ ಅವಳು ಮಾಲಕ್ಕ. ‘ಅಕ್ಕ’ ಹೋಗಿ ‘ಅವ್ರೇ’ ಬಂತೆಂದರೆ ಕೆಲಸಕ್ಕೆ ಕುತ್ತು ಬಂತೆಂದೇ ಲೆಕ್ಕ.

“ಹಾರು ಅಂತಾರೆ, ನಿಲ್ಲು ಅಂತಾರೆ. ನಾನು ಯಾವ್ದು ಮಾಡ್ಲಿ ಸಾರ್?”

ಇಂಗ್ಲಿಷ್ ಪ್ರತಿಯಿಂದ ಹೆಸರನ್ನು ಕನ್ನಡಕ್ಕಿಳಿಸಿದವರು ‘ಹ’ಕಾರಕ್ಕೆ ಧಾರಾಳವಾಗಿ ಒಂದು ದೀರ್ಘ ಕೊಟ್ಟಿದ್ದರು. ಹಿಂದಿನ ಕಂತುಗಳಲ್ಲಿ ಹುಡುಗ ಮನೆಯಲ್ಲಿ ಕೂತು ಅನ್ನ ಉಣ್ಣುತ್ತಿದ್ದುದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈಗ ಅವನು ಮಹಡಿ ಹತ್ತಿದ್ದ.

“ಹರು ಅಂದ್ಬಿಡ್ಲಾ?” ಎಂದ ಭೈರೇಶ್.

“ಹಾರು ಅಂತ ಆಗ್ಲೇ ಟೀವೀಲಿ ಬಂದಿದೆ. ಮಧ್ಯದಲ್ಲಿ ಇನ್ನೊಂದು ನಾಮಕರಣ ಮಾಡಕ್ಕಾಗತ್ತಾ?” ಎಂದ ಸಂಪತ್.

“ಇದನ್ನ ಕೇಳಿ ಯಾವ್ದಾದ್ರೂ ಮಗು ಸಜ್ಜಾ ಮೇಲಿಂದ ಹಾರಿದ್ರೆ ಸಾರ್?” ಎಂದಳು ಮಾಲಾ.

ಈ ಸಲ ಯಾರೂ ನಗಲಿಲ್ಲ. ‘ಪುಟ್ಟ’ ಎನ್ನೋಣವೆಂದರೆ ವೀರನ ಬಾಯಿ ಅಗಲವಾಗಿ ತೆರೆದಿತ್ತು. ‘ಪು’ ಎನ್ನಲು ತುಟಿ ಮುಚ್ಚಬೇಕು. ‘ಮಗಾ’ ಎಂದರೂ ಅದೇ ಕಷ್ಟ, ಜೊತೆಗೆ ಗೆಳೆಯನನ್ನು ಕುಡಿಯಲು ಬಾರಿಗೆ ಕರೆದ ಹಾಗಿರುತ್ತದೆ ಎಂದು ಸಂಪತ್ ತಳ್ಳಿಹಾಕಿದ. ಅಷ್ಟರಲ್ಲಿ ಕೆಳಗಿನ ಹಿಟ್ಟಿನ ಗಿರಣಿ ಶುರುವಾಯಿತು. ಯಾರದೋ ರಾಗಿ ಮುಗಿಯುವವರೆಗೆ ಜಪಾನಿನ ಕಟ್ಟಡ ಕುಸಿಯದೆ ಕಾಯಬೇಕಾಯಿತು.

ಮಾಲಾ ಬಳೆ ಸದ್ದಾಗದಿರಲೆಂದು ಕೈಗೆ ಕಟ್ಟಿಕೊಂಡ ಕರ್ಚೀಫನ್ನು ಬಿಗಿ ಮಾಡಿದಳು. ತೊಟ್ಟಿಲ ಕೂಸುಗಳಾಗಿ, ಜಾತ್ರೆಯಲ್ಲಿ ಕಳೆದುಹೋದ ಮಕ್ಕಳಾಗಿ ಅವಳು ವರ್ಷಗಟ್ಟಲೆ ಅತ್ತಿದ್ದಳು. ಹೆಸರಿರುವ ಪಾತ್ರ ಇದೇ ಮೊದಲು. ಆದರೆ ಹುಡುಗನ ದನಿ ‘ಆಂಟಿ ಥರ ಇದೆ’ ಎಂದು ಚಾನೆಲ್ಲಿನವರು ಹೇಳಿದ್ದರು. ಈ ದೃಶ್ಯ ಕೆಟ್ಟರೆ ಪಾತ್ರ ಸ್ಪಂದನಳಿಗೆ ಹೋಗುತ್ತದೆ. ವಿಜಯನಗರದಿಂದ ತಾಯಿಯೊಂದಿಗೆ ಬಂದ ಆ ನಿಜವಾದ ಏಳು ವರ್ಷದ ಹುಡುಗಿ ಹೊರಗೆ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು.

ಭೈರೇಶನಿಗೆ ಫೋನ್ ಬಂತು. ಗಿರಣಿಯ ಸದ್ದಿಗೆ ಅವನು ಸ್ಪೀಕರ್ ಹಾಕಿದ. ಹೇರೋಹಳ್ಳಿಯಿಂದ ಅವನ ತಾಯಿ ಲಕ್ಷ್ಮಿದೇವಮ್ಮ ಗಿರಣಿಯನ್ನೂ ಮೀರಿಸಿ ಕೇಳಿದರು: “ಕೂಸೇ, ಉಂಡ್ಯಾ?”

“ಉಂಡೆ ಕಣವ್ವ, ಇಡು” ಎಂದು ಅವನು ಗಡ್ಡ ಕೆರೆದುಕೊಂಡ. ಜಗತ್ತನ್ನು ಕಾಪಾಡುವ ವೀರ ಮನೆಯಲ್ಲಿ ಇನ್ನೂ ಕೂಸು ಎಂಬುದು ಎಲ್ಲರಿಗೂ ಗೊತ್ತಾಗಿಹೋಯಿತು.

ಗಿರಣಿ ನಿಂತಿತು. ಸಂಪತ್ ಕೈ ಎತ್ತಿದ. ವೀರ ಬಾಯಿ ತೆರೆದ.

“ಕೂಸೇ... ಕೂಸೇ... ಅಲ್ಲೇ ನಿಲ್ಲು.”

ಇದಕ್ಕೆ ತುಟಿ ಮುಚ್ಚಬೇಕಿಲ್ಲ, ಸುಮಾರಾಗಿ ಹೊಂದಿತು. ಮಾಲಾಳ ಕೈಯಲ್ಲಿದ್ದ ಹಾಳೆಯಲ್ಲಿ ‘ಅಣ್ಣಾ, ನನಗೆ ಬಹಳ ಭಯವಾಗುತ್ತಿದೆ’ ಎಂದಿತ್ತು. ಅವಳು ಹಾಳೆ ನೋಡಲಿಲ್ಲ.

“ಅಣ್ಣಾ, ಭಯ ಆಯ್ತೈತೆ. ಎತ್ಕೊಳಣ್ಣಾ...”

ಕೊನೆಯಲ್ಲಿ ಉಸಿರು ಬಿಕ್ಕಿ ಮುರಿಯಿತು. ಅದೂ ಹಾಳೆಯಲ್ಲಿರಲಿಲ್ಲ.

ಸಂಪತ್ ರೆಕಾರ್ಡಿಂಗ್ ನಿಲ್ಲಿಸಿದ. “ಜಪಾನ್ ಹುಡುಗ ಹಿಂಗೆ ಮಾತಾಡ್ತಾನಾ?”

“ಇಷ್ಟು ದಿನ ಶಾಲೆ ಪುಸ್ತಕ ಓದ್ದಂಗೆ ಮಾತಾಡ್ತಿದ್ನಲ್ಲ ಗುರು, ಅದೇನ್ ಜಪಾನಾ?” ಎಂದ ಭೈರೇಶ್.

ಸಂಪತ್ ಮಾಲಾಳ ಮಾತನ್ನು ಮತ್ತೆ ಹಾಕಿ ಕೇಳಿದ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಕೇಳಿದ. ಚಾನೆಲ್ಲಿನವರಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದನೋ ಏನೋ, ಕತ್ತು ತುರಿಸಿಕೊಂಡ.

“ನೀರು ಕುಡ್ಕೊಂಡು ಬನ್ನಿ ಮಾಲಕ್ಕ. ಮುಂದಿನ ಸೀನ್ ತಗೊಳೋಣ.”

ಆ ಕೋಣೆಯ ಬಾಗಿಲು ಹೆಸರಿಗಷ್ಟೇ ಸೌಂಡ್‌ಪ್ರೂಫ್. ಮಾಲಾ ಅದನ್ನು ತೆರೆದಾಗ ಸ್ಪಂದನ ಎದುರಿಗೇ ನಿಂತಿದ್ದಳು. ಮಾಲಾಳ ಸೀರೆ ಸರಿಸಿ ಒಳಗೆ ಇಣುಕಿದಳು.

“ಆಂಟಿ, ಆ ಪಾಪುನ ಎತ್ಕೊಂಡ್ರಾ?”

ಮಾಲಾ ಕರ್ಚೀಫು ಬಿಚ್ಚುತ್ತ ಪಕ್ಕಕ್ಕೆ ಸರಿದಳು. ಹುಡುಗಿ ಒಳಗೆ ಬಂದು ಕುರ್ಚಿಗಳ ನಡುವೆ ನೋಡಿದಳು, ಬಾಗಿಲ ಹಿಂದೆ ನೋಡಿದಳು, ಆಮೇಲೆ ಮಂಡಿಯೂರಿ ಮೇಜಿನ ಕೆಳಗೆ ಬಗ್ಗಿದಳು.