ಜೇನಮ್ಮನ ಚಕ್ಕುಬಂದಿ

ಮೋಜಣಿದಾರನಿಗೆ ಊರವರು ಇಟ್ಟ ಹೆಸರು ಅಂಗುಲ. ಅಳತೆಯಲ್ಲಿ ಒಂದಂಗುಲವನ್ನೂ ಬಿಟ್ಟುಕೊಡದ ಆಸಾಮಿ. ಹೆಂಡತಿ ಪರದೆ ಬಟ್ಟೆ ತಂದರೂ ಟೇಪು ಹಿಡಿಯುವವನೇ. ಸಾಂಕ್ರಾಮಿಕದ ವರ್ಷ ಸರ್ಕಾರ ಬೇಸಾಯಗಾರರಿಗೆ ಪರಿಹಾರ ಘೋಷಿಸಿದ್ದೇ ತಡ, ಅರ್ಜಿಗಳು ಅವನ ಮೇಜಿನ ಮೇಲೆ ಗುಡ್ಡೆ ಬಿದ್ದವು. ಕಿಟಕಿಯಲ್ಲಿದ್ದ ಮೆಣಸಿನ ಗಿಡವೂ ಮರೆಯಾಯಿತು. ಒಡಕು ಲೋಟದ ಆ ಗಿಡ ಆರು ವರ್ಷದಿಂದ ಕಾಯಿ ಬಿಡುತ್ತಿತ್ತು, ಅದೆಲ್ಲ ತನ್ನ ಕೈಗುಣ ಎಂದು ಅವನು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಪರಿಹಾರದ ನಿಯಮ ಖಡಾಖಂಡಿತವಾಗಿತ್ತು. ದುಡಿಮೆಯ ನೆಲದ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೂ ಏನಿದೆ ಎಂಬುದನ್ನು ಮೋಜಣಿದಾರ ಕಣ್ಣಾರೆ ಕಂಡು ಬರೆಯಬೇಕು. ಒಂದು ದಿಕ್ಕು ಖಾಲಿ ಉಳಿದರೂ ಅರ್ಜಿ ವಜಾ.

ಜೇನಮ್ಮನ ಅರ್ಜಿಯಲ್ಲಿ ನಾಲ್ಕೂ ಖಾಲಿ. ನಲವತ್ತು ಜೇನುಪೆಟ್ಟಿಗೆಗಳಿದ್ದವು, ನೆಲ ಮಾತ್ರ ಅಂಗೈಯಗಲವೂ ಇರಲಿಲ್ಲ. ಪೆಟ್ಟಿಗೆಗಳು ನಿಂತಿದ್ದೂ ಅವಳ ಅಣ್ಣನ ಹಿತ್ತಿಲಲ್ಲಿ. ಲಾರಿ ಓಡಾಟ ನಿಂತು ಪೆಟ್ಟಿಗೆಗಳನ್ನು ದೂರದ ತೋಟಗಳಿಗೆ ಸಾಗಿಸಲಾಗಲಿಲ್ಲ, ತೋಟದವರು ಕೊಡುತ್ತಿದ್ದ ಬಾಡಿಗೆಯೂ ಹೋಯಿತು. ಇನ್ನು ಎರಡು ವಾರಕ್ಕೆ ಸುತ್ತಲಿನ ಹೂವೂ ಮುಗಿಯುತ್ತಿತ್ತು. ಆಮೇಲೆ ಸಕ್ಕರೆ ನೀರು ಕೊಟ್ಟು ಸಾಕಬೇಕು. ಪರಿಹಾರ ಬರದಿದ್ದರೆ ಸಕ್ಕರೆಯಿಲ್ಲ, ಸಕ್ಕರೆಯಿಲ್ಲದಿದ್ದರೆ ಜೇನಿಲ್ಲ.

ಕೊನೆಯ ದಿನ ಬೆಳಿಗ್ಗೆ ಅಂಗುಲ ವಜಾ ಪತ್ರಕ್ಕೆ ಅವಳ ಸಹಿ ಹಾಕಿಸಲು ಹೋದ. ನೆಲ ತೋರಿಸಿದರೆ ಈಗಲೂ ಅಳೆಯುತ್ತೇನೆ ಎಂದು ಬಾಯಿಮಾತಿಗೆ ಅಂದ.

"ನಿಮ್ಮ ಟೇಪು ಸಾಲಲ್ಲ ಅಣ್ಣ, ಇದಕ್ಕೆ ಹಿಟ್ಟು ಬೇಕು" ಎಂದಳು ಜೇನಮ್ಮ.

ಒಳಗಿನಿಂದ ಬೋಗುಣಿ ತಂದು ಪ್ರತಿ ಪೆಟ್ಟಿಗೆಯ ಬಾಯಿಗೂ ಹಿಟ್ಟು ಉದುರಿಸಿದಳು. ಹೊರಬಂದ ಜೇನುಗಳೆಲ್ಲ ಬೆನ್ನು ಬೆಳ್ಳಗೆ ಮಾಡಿಕೊಂಡು ಹಾರಿದವು. ಸಂಜೆಯವರೆಗೂ ಉದುರಿಸುತ್ತಲೇ ಇರುತ್ತೇನೆ, ಎಲ್ಲಿ ಬೇಕಾದರೂ ಹೋಗಿ ನೋಡಿ, ಬಿಳಿ ಬೆನ್ನು ಕಂಡಲ್ಲೆಲ್ಲ ನನ್ನ ದುಡಿಮೆಯ ನೆಲವೇ ಎಂದಳು. ಇವಳಿಗೆಲ್ಲೋ ತಲೆ ಕೆಟ್ಟಿದೆ ಎಂದುಕೊಂಡು ಅಂಗುಲ ಇನ್ನೊಂದು ಅಳತೆಗೆಂದು ಹೊರಟ.

ದಾರಿ ಪೂರ್ವದ ಸೌತೆ ಹೊಲದ ಮೇಲೆಯೇ ಹಾದಿತ್ತು. ಹೋದ ವಾರ ಅವನೇ ಇಂಚಿಂಚು ಅಳೆದು ಪರಿಹಾರ ಬರೆದುಕೊಟ್ಟ ಹೊಲ. ಹಳದಿ ಹೂವೊಂದರಿಂದ ಬಿಳಿ ಬೆನ್ನಿನ ಜೇನು ಹಿಂದುಮುಂದಾಗಿ ಹೊರಬಂತು. ಅವನು ನಿಂತಲ್ಲೇ ನಿಂತ. ಇಲ್ಲಿ ಕಾಯಿ ಕಚ್ಚಿಸಿದ್ದು ಯಾರು ಎಂದು ತನ್ನ ಯಾವ ಕಾಗದವೂ ಕೇಳಿರಲಿಲ್ಲವಲ್ಲ ಎನಿಸಿತು.

ಮತ್ತೆ ಕಾಲು ಕೇಳಲಿಲ್ಲ. ಹಳ್ಳ ದಾಟಿ ದಕ್ಷಿಣದ ಸೂರ್ಯಕಾಂತಿ ಹೊಲಕ್ಕೆ ಹೋದ. ಅಲ್ಲೂ ಹಿಟ್ಟಿನ ಬೆನ್ನು. ಉತ್ತರದ ಗುಡ್ಡದ ತೋಟ ಎರಡು ಮೈಲಿ. ಊಟ ಮರೆತು ಮರದ ಕೆಳಗೆ ಒಂದು ತಾಸು ಕುಕ್ಕರಗಾಲಲ್ಲಿ ಕೂತ. ಕೊನೆಗೆ ಒಂದು ಬಂತು. ಉಗುರಿನಷ್ಟಿಲ್ಲದ ಜೀವ, ತಾನು ಏದುಸಿರು ಬಿಟ್ಟು ಹತ್ತಿದ ದಾರಿಯನ್ನು ದಿನಕ್ಕೆಷ್ಟು ಸಲ ಓಡಾಡುತ್ತದೋ! ಅವನಿಗೆ ಕೈ ಮುಗಿಯಬೇಕೆನಿಸಿತು.

ಪಶ್ಚಿಮಕ್ಕೆ ಮಾತ್ರ ಬರೀ ಪೇಟೆ. ಡಾಂಬರು, ಗೋದಾಮು, ಮುಚ್ಚಿದ ಅಂಗಡಿಗಳು. ಗೋಡೆಬುಡದ ಹುಲ್ಲನ್ನೂ ಬಿಡದೆ ಬಗ್ಗಿ ಬಗ್ಗಿ ನೋಡುತ್ತ ಬಂದ. ಒಂದೂ ಕಾಣಲಿಲ್ಲ.

ಅದೇ ಪೇಟೆಯಲ್ಲಿದ್ದ ತನ್ನ ಕಚೇರಿ ತಲುಪಿದಾಗ ಐದಕ್ಕೆ ಹತ್ತು ನಿಮಿಷ. ಮೂರು ದಿಕ್ಕು ತುಂಬಿಸಿದ. ನಾಲ್ಕನೆಯದಕ್ಕೆ ಪೆನ್ನು ಊರಿ ಎತ್ತಿಬಿಟ್ಟ. ಕಾಣದ್ದನ್ನು ಅವನು ಹುಟ್ಟಿದಾರಭ್ಯ ಬರೆದವನಲ್ಲ. ವಜಾ ಮುದ್ರೆಯನ್ನು ಕೈಗೆತ್ತಿಕೊಂಡು, ಮುಖ ತಿರುಗಿಸಿ, ಅರ್ಜಿಗಳ ಗುಡ್ಡೆ ಕರಗಿ ಮತ್ತೆ ಕಾಣುತ್ತಿದ್ದ ಕಿಟಕಿಯ ಕಡೆ ನೋಡಿದ.

ಮೆಣಸಿನ ಗಿಡದ ಪುಟ್ಟ ಹೂವಿಗೆ ಜೋತುಬಿದ್ದು ಒಂದು ಜೇನು ಮುಖ ತೂರಿಸಿತ್ತು. ಅದರ ಬೆನ್ನ ತುಂಬ ಹಿಟ್ಟು.

ಆರು ವರ್ಷ. ಅವನ ಬುತ್ತಿಯ ಒಂದೊಂದು ಮೆಣಸಿನಕಾಯಿಯೂ ನೆನಪಾಯಿತು. ಕೈಗುಣ ಅಂತೆ, ಕೈಗುಣ! ಕಣ್ಣು ಒರೆಸಿಕೊಂಡು ಬರೆದ: "ಪಶ್ಚಿಮಕ್ಕೆ: ಈ ಕಚೇರಿಯ ಕಿಟಕಿ. ಕಣ್ಣಾರೆ ಕಂಡಿದ್ದೇನೆ."

ಮಂಜೂರಾತಿಯ ಮುದ್ರೆಯನ್ನು ಮಾತ್ರ ತಕ್ಷಣ ಒತ್ತಲಿಲ್ಲ. ಮೇಜು ಅಲುಗಿದರೆ ಜೇನಿಗೆ ಗಾಬರಿಯಾದೀತೆಂದು, ಅದು ಎದ್ದು ಹೋಗುವವರೆಗೂ ಕಾದ.